ನೀರಿನಲ್ಲಿ ನೆರಿಗೆಗಟ್ಟುವ ಬೆರಳುಗಳು

ನರಕ ಚತುರ್ದಶಿಯ ನಸುಕಿನಲ್ಲಿ ಮಕ್ಕಳನ್ನು ಮಣೆಯ ಮೇಲೆ ಕೂಡ್ರಿಸಿ, ನೆತ್ತಿಗೆ ಎಣ್ಣೆಯೊತ್ತಿ, ಆರತಿ ಬೆಳಗಿ, ಬಂಬದಲ್ಲಿ ಕಾದ ನೀರನ್ನು ತಂಬಿಗೆ ತಂಬಿಗೆಯಾಗಿ ಎರೆಯುವ ಪದ್ಧತಿಯು ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದುಬಂದಿದೆ. ಅಂಥ ದೀರ್ಘವಾದ ಜಳಕವನ್ನು ಮುಗಿಸಿ ಬಚ್ಚಲದಿಂದ ಹೊರಬಂದ ಮಗುವು ತನ್ನ ಅಂಗೈಯನ್ನು ಹಣತೆಯ ಬೆಳಕಿಗೆ ಹಿಡಿದು ನೋಡಿದರೆ, ರಾತ್ರಿ ಮಲಗುವಾಗ ನುಣುಪಾಗಿ ತುಂಬಿಕೊಂಡಿದ್ದ ಬೆರಳ ತುದಿಗಳಲ್ಲಿ ಸಾಲುಸಾಲಾಗಿ ನೆರಿಗೆಗಳೆದ್ದು, ಅವುಗಳ ನಡುವೆ ಕಿರಿದಾದ ತಗ್ಗುಗಳು ಬಿದ್ದು, ಚರ್ಮವು ಬಿಳಿಚಿಕೊಂಡಿರುವುದು ಕಾಣುತ್ತದೆ. “ಆಯಿ, ನನ್ನ ಕೈ ಯಾಕ ಹಿಂಗ ಸುಕ್ಕಾಗ್ಯಾವ?” ಎಂದು ಅದು ಕೇಳಿದರೆ, “ಭಾಳ ಹೊತ್ತು ನೀರಾಗ ಆಡಿದರ ಹಂಗ ಆಗತಾವ, ತಗೋ” ಎಂಬ ಉತ್ತರವು ಸಿದ್ಧವಾಗಿಯೇ ಇರುತ್ತದೆ. ಆ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ‘ಯಾವಾಗ’ ಎಂಬ ಪ್ರಶ್ನೆಗೆ ಸಲ್ಲುವ ಉತ್ತರ. ಮಗು ಕೇಳಿದ್ದು ‘ಏಕೆ’ ಎಂದು. ಆ ‘ಏಕೆ’ ಎಂಬ ಪ್ರಶ್ನೆಗೆ ವಿದ್ವಾಂಸರೂ ಬಹುಕಾಲ ತಪ್ಪು ಉತ್ತರವನ್ನೇ ಹೇಳುತ್ತಿದ್ದರೆಂಬುದೂ, ಸರಿಯಾದ ದಾರಿಯನ್ನು ತೋರಿಸಿದ್ದು ನೀರಿನಲ್ಲಿ ನೆನೆದರೂ ನೆರಿಗೆಗಟ್ಟದ ಕೆಲವರ ಬೆರಳುಗಳೆಂಬುದೂ ಈ ಅಧ್ಯಾಯದ ವಿಷಯ.

ಕಾರಣವನ್ನು ಹುಡುಕುವ ಮೊದಲು ಕಾರ್ಯವನ್ನು ನೆಟ್ಟಗೆ ನೋಡಬೇಕು. ಜಳಕದ ನೀರು ತಲೆಯಿಂದ ಕಾಲಿನವರೆಗೆ ಮೈಯೆಲ್ಲವನ್ನೂ ತೋಯಿಸುತ್ತದೆ. ಬಾವಿಯಲ್ಲಿ ಈಸು ಬೀಳುವ ಹುಡುಗರ ಶರೀರವಂತೂ ಕುತ್ತಿಗೆಯವರೆಗೆ ಗಂಟೆಗಟ್ಟಲೆ ನೀರಿನಲ್ಲಿಯೇ ಮುಳುಗಿರುತ್ತದೆ. ಆದರೂ ಹೊಟ್ಟೆಯ ಮೇಲೆ ನೆರಿಗೆ ಬೀಳುವುದಿಲ್ಲ, ತೋಳಿನ ಮೇಲೆ ಬೀಳುವುದಿಲ್ಲ, ಕೆನ್ನೆಯ ಮೇಲೆಯೂ ಬೀಳುವುದಿಲ್ಲ. ಕೈಬೆರಳುಗಳ ತುದಿ, ಅಂಗೈ, ಕಾಲ್ಬೆರಳುಗಳ ತುದಿ, ಅಂಗಾಲು, ಇಷ್ಟೇ ಸ್ಥಳಗಳಲ್ಲಿ ಈ ವಿಕಾರವು ತೋರುತ್ತದೆ. ಈ ಸ್ಥಳಗಳ ಚರ್ಮಕ್ಕೂ ಉಳಿದ ಚರ್ಮಕ್ಕೂ ಇರುವ ಭೇದಗಳನ್ನು ನಿಮ್ಮ ಕೈಯನ್ನೇ ಮುಂದೆ ಚಾಚಿ ನೋಡಿಕೊಳ್ಳಬಹುದು. ಮುಂಗೈಯ ಮೇಲೆ ಸಣ್ಣ ರೋಮಗಳಿವೆ, ಅಂಗೈಯಲ್ಲಿ ಒಂದೂ ಇಲ್ಲ. ಮುಂಗೈಯ ಚರ್ಮವನ್ನು ಚಿವುಟಿ ಎತ್ತಬಹುದು, ಬೆರಳ ತುದಿಯ ಚರ್ಮವು ಹಾಗೆ ಸುಲಭವಾಗಿ ಎದ್ದು ಬರುವುದಿಲ್ಲ. ಏಕೆಂದರೆ ಅದು ಒಳಗಿನ ಮಾಂಸಲ ಭಾಗಕ್ಕೆ ಬಲವಾದ ತಂತುಗಳಿಂದ ಬಿಗಿಯಲ್ಪಟ್ಟಿದೆ. ಬೆವರನ್ನು ಸ್ರವಿಸುವ ಸ್ವೇದಗ್ರಂಥಿಗಳು ಅಂಗೈ ಅಂಗಾಲುಗಳಲ್ಲಿ ಬಹಳ ಒತ್ತಾಗಿವೆ. ಪರೀಕ್ಷೆಯ ದಿನ ಲೇಖನಿ ಹಿಡಿದ ಬೆರಳುಗಳು ತೇವವಾದುದು ಯಾರ ಅನುಭವಕ್ಕೆ ಬಂದಿಲ್ಲ?

ಇನ್ನೊಂದು ಭೇದವು ಕಣ್ಣಿಗೆ ಕಾಣಿಸದು. ಚರ್ಮದ ಅತ್ಯಂತ ಹೊರಗಿನ ಪದರವು ಜೀವವಿಲ್ಲದ, ಚಪ್ಪಟೆಯಾದ ಕೋಶಗಳ ಒಂದು ಹೊದಿಕೆ. ಆಕಳ ಕೊಂಬು, ಕುದುರೆಯ ಗೊರಸು, ನಮ್ಮ ಉಗುರು ಕೂದಲುಗಳು ಯಾವ ದ್ರವ್ಯದಿಂದ ಆಗಿವೆಯೋ ಆ ಕೆರಾಟಿನ್ ಎಂಬ ದ್ರವ್ಯದಿಂದಲೇ ಈ ಹೊದಿಕೆಯೂ ತುಂಬಿದೆ. ಮೈಯ ಉಳಿದ ಕಡೆಗಳಲ್ಲಿ ಇದು ಕಾಗದಕ್ಕಿಂತಲೂ ತೆಳುವಾಗಿರುವುದು. ಅಂಗೈ ಅಂಗಾಲುಗಳಲ್ಲಿ ಅದರ ಹತ್ತಾರು ಪಾಲು ದಪ್ಪವಾಗಿರುವುದು. ನೆಲದ ಮೇಲೆ ನಡೆಯುವ ಕಾಲಿಗೂ ಕೆಲಸದ ಕೈಗೂ ಸವೆತ ಹೆಚ್ಚಾದುದರಿಂದ ಈ ದಪ್ಪವು ಅವಶ್ಯವಾಗಿದೆ.

ಹಳೆಯ ವಿವರಣೆಯು ಹುಟ್ಟಿಕೊಂಡುದು ಈ ದಪ್ಪ ಹೊದಿಕೆಯಿಂದಲೇ. ಕೆರಾಟಿನ್ ನೀರನ್ನು ಹೀರುತ್ತದೆ, ಹೀರಿದ ಮೇಲೆ ಉಬ್ಬುತ್ತದೆ. ಉಬ್ಬಿದ ಹೊದಿಕೆಯ ವಿಸ್ತಾರವು ಹೆಚ್ಚುತ್ತದೆ, ಆದರೆ ಅದರ ಕೆಳಗಿನ ಬೆರಳು ಮೊದಲಿದ್ದಷ್ಟೇ ಇರುತ್ತದೆ. ಹೆಚ್ಚಾದ ಚರ್ಮವು ಹೋಗಲು ಬೇರೆ ಎಡೆಯಿಲ್ಲದೆ ಮಡಿಕೆಗಳಾಗಿ ಮೇಲೇಳುತ್ತದೆ. ಹೀಗೆಂದು ಶಾಲೆಯ ಪುಸ್ತಕಗಳಲ್ಲಿಯೂ ದೊಡ್ಡವರ ಮಾತಿನಲ್ಲಿಯೂ ಬಹುಕಾಲ ಹೇಳಲಾಗುತ್ತಿತ್ತು. ಚರ್ಮದ ಮೇಲಿನ ಎಣ್ಣೆಯ ಅಂಶವು ತೊಳೆದುಹೋಗುವುದರಿಂದ ಹೀಗಾಗುತ್ತದೆಂದು ಹೇಳುವವರೂ ಉಂಟು. ಆದರೆ ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳು ಅಂಗೈಯಲ್ಲಿಯೂ ಅಂಗಾಲಿನಲ್ಲಿಯೂ ಇಲ್ಲವೇ ಇಲ್ಲವಾದುದರಿಂದ ಈ ಎರಡನೆಯ ಮಾತನ್ನು ಬಹಳ ಹೊತ್ತು ವಿಚಾರಿಸಬೇಕಾದ ಪ್ರಮೇಯವಿಲ್ಲ. ಮೊದಲನೆಯದು ಮಾತ್ರ ಯುಕ್ತಿಗೆ ಚೆನ್ನಾಗಿ ಒಪ್ಪುವಂತೆ ತೋರುತ್ತದೆ. ಯುಕ್ತಿಗೆ ಒಪ್ಪಿದ್ದೆಲ್ಲವೂ ನಿಜವಾಗಿರಬೇಕೆಂಬ ನಿಯಮವಿದ್ದಿದ್ದರೆ ಪ್ರಯೋಗಶಾಲೆಗಳನ್ನು ಕಟ್ಟುವ ಶ್ರಮವೇ ಬೇಕಿರಲಿಲ್ಲ.

ಈ ವಿವರಣೆಯು ನಿಜವಾಗಿದ್ದರೆ ಅದರಿಂದ ಒಂದು ಸಂಗತಿಯು ಅವಶ್ಯವಾಗಿ ಸಿದ್ಧವಾಗಬೇಕು. ಹೊರಪದರವು ನಿರ್ಜೀವವಾದದ್ದು, ಅದರೊಳಗೆ ರಕ್ತವಿಲ್ಲ, ನರವಿಲ್ಲ. ಆದಕಾರಣ ಬೆರಳಿನ ನರವು ತುಂಡಾಗಿದ್ದರೂ ಆ ಪದರವು ನೀರನ್ನು ಹೀರಲೇಬೇಕು, ಉಬ್ಬಲೇಬೇಕು, ನೆರಿಗೆಗಟ್ಟಲೇಬೇಕು. ಲಂಡನ್ನಿನ ವೈದ್ಯರಾದ ಥಾಮಸ್ ಲೂಯಿಸ್ ಮತ್ತು ಜಾರ್ಜ್ ಪಿಕರಿಂಗ್ ಎಂಬವರು 1930ರ ದಶಕದಲ್ಲಿ ನರಗಳು ಹಾನಿಗೊಂಡ ರೋಗಿಗಳ ಕೈಗಳನ್ನು ಪರಿಶೀಲಿಸುತ್ತಿದ್ದಾಗ ಇದಕ್ಕೆ ವಿರುದ್ಧವಾದುದನ್ನೇ ಕಂಡರು. ಅಂಗೈಗೆ ಬರುವ ನರಗಳಲ್ಲಿ ಮೀಡಿಯನ್ ಎಂಬುದೊಂದು. ಅದು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನೂ ಉಂಗುರಬೆರಳಿನ ಅರ್ಧವನ್ನೂ ನೋಡಿಕೊಳ್ಳುತ್ತದೆ. ಉಂಗುರಬೆರಳಿನ ಉಳಿದರ್ಧವೂ ಕಿರುಬೆರಳೂ ಅಲ್ನಾರ್ ಎಂಬ ಇನ್ನೊಂದು ನರದ ಪಾಲಿಗೆ ಸೇರಿವೆ. ಮೀಡಿಯನ್ ನರವು ಕೆಲಸ ಮಾಡದ ಕೈಯನ್ನು ನೀರಿನಲ್ಲಿಟ್ಟಾಗ ಆ ನರದ ಸೀಮೆಗೆ ಸೇರಿದ ಚರ್ಮವು ನೆರಿಗೆಗಟ್ಟದೆ ನುಣುಪಾಗಿಯೇ ಉಳಿಯಿತು. ನೀರು ಒಂದೇ, ಪಾತ್ರೆ ಒಂದೇ, ಚರ್ಮವೂ ಒಬ್ಬನದೇ. ಒಂದು ನರದ ಸೀಮೆಯಲ್ಲಿ ನೆರಿಗೆಗಳಿವೆ, ಪಕ್ಕದ ಸೀಮೆಯಲ್ಲಿ ಇಲ್ಲ. ಸತ್ತ ಪದರವು ತಾನಾಗಿ ಉಬ್ಬುವುದೇ ನೆರಿಗೆಗೆ ಕಾರಣವೆಂಬ ಮಾತು ಈ ಒಂದು ದೃಶ್ಯದೆದುರು ನಿಲ್ಲಲಾರದು.

ಆದರೂ ಈ ಅವಲೋಕನವು ಹಲವು ಕಾಲ ವೈದ್ಯರ ಲಕ್ಷ್ಯವನ್ನು ಸೆಳೆಯದೆ ಹಾಗೆಯೇ ಉಳಿಯಿತು. ಅದನ್ನು ಮತ್ತೆ ಮೇಲಕ್ಕೆತ್ತಿದುದು ಒಬ್ಬ ತಾಯಿಯ ಕಣ್ಣು. ಐರ್ಲೆಂಡಿನ ಶಸ್ತ್ರವೈದ್ಯ ಸೇಮಸ್ ಓ’ರಿಯೇನ್ ಎಂಬವರಲ್ಲಿ ಕೈಯ ನರಕ್ಕೆ ಪೆಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದ ರೋಗಿಯೊಬ್ಬನ ತಾಯಿ, ಸ್ನಾನದ ವೇಳೆಯಲ್ಲಿ ಅವನ ಉಳಿದ ಬೆರಳುಗಳು ಸುಕ್ಕಾದರೂ ಪೆಟ್ಟಾದ ನರಕ್ಕೆ ಸೇರಿದ ಬೆರಳುಗಳು ಸುಕ್ಕಾಗದಿರುವುದನ್ನು ಗಮನಿಸಿ ವೈದ್ಯರಿಗೆ ತಿಳಿಸಿದಳು. ಅವಳು ಶರೀರಶಾಸ್ತ್ರವನ್ನು ಓದಿದವಳೋ ಇಲ್ಲವೋ, ಕಂಡದ್ದನ್ನು ಕಂಡಂತೆ ಹೇಳಿದಳು. ಆ ವೈದ್ಯರೂ ಅದನ್ನು ತಾಯಂದಿರ ಮಾತೆಂದು ತಳ್ಳಿಹಾಕದೆ ಪರೀಕ್ಷೆಗೆ ತೊಡಗಿದರು. ಉಗುರುಬೆಚ್ಚಗಿನದಕ್ಕಿಂತ ತುಸು ಹೆಚ್ಚಾದ, 40 ಡಿಗ್ರಿ ಸೆಲ್ಸಿಯಸ್ಸಿನ ನೀರಿನಲ್ಲಿ 30 ನಿಮಿಷ ಕೈಯನ್ನು ಇರಿಸಿ, ಯಾವ ಬೆರಳು ನೆರಿಗೆಗಟ್ಟಿತು, ಯಾವುದು ಗಟ್ಟಲಿಲ್ಲವೆಂದು ನೋಡುವುದರಿಂದ ನರದ ಸ್ಥಿತಿಯನ್ನು ತಿಳಿಯಬಹುದೆಂದು ಅವರು 1973ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಪರೀಕ್ಷೆಯ ಬೆಲೆಯನ್ನು ಚೆನ್ನಾಗಿ ಅರಿಯಬೇಕಾದರೆ ಚಿಕ್ಕ ಮಕ್ಕಳ ಚಿಕಿತ್ಸೆಯನ್ನು ನೆನೆಯಬೇಕು. ದೊಡ್ಡವರ ಬೆರಳಿಗೆ ಸೂಜಿಯನ್ನು ಮೃದುವಾಗಿ ತಾಕಿಸಿ “ತಿಳಿಯಿತೇ?” ಎಂದು ಕೇಳಿದರೆ ಅವರು ಹೌದು ಅಲ್ಲ ಎಂದು ಹೇಳಬಲ್ಲರು. ಗಾಜಿನ ಚೂರಿನಿಂದ ಕೈ ಕೊಯ್ದುಕೊಂಡು ಅಳುತ್ತಿರುವ ಎರಡು ವರ್ಷದ ಕೂಸು ಏನು ಹೇಳೀತು? ಅದರ ಕೈಯನ್ನು ಬೆಚ್ಚಗಿನ ನೀರಿನಲ್ಲಿ ಆಡಗೊಟ್ಟರೆ ಬೆರಳುಗಳೇ ಉತ್ತರ ಕೊಡುತ್ತವೆ. ಮಧುಮೇಹವು ಹಳತಾಗಿ ನರಗಳು ದುರ್ಬಲವಾದವರಲ್ಲಿಯೂ ಬೆರಳುಗಳು ಮೊದಲಿನಂತೆ ನೆರಿಗೆಗಟ್ಟುವುದಿಲ್ಲವೆಂದು ತರುವಾಯದ ಅಭ್ಯಾಸಗಳಿಂದ ತಿಳಿದುಬಂದಿದೆ.

ಹಾಗಾದರೆ ನರವು ಅಲ್ಲಿ ಮಾಡುವ ಕಾರ್ಯವಾದರೂ ಯಾವುದು? ನಮ್ಮ ಶರೀರದಲ್ಲಿ ನಾವು ಹೇಳಿದಂತೆ ಕೇಳುವ ನರಗಳಿರುವಂತೆಯೇ, ನಮ್ಮನ್ನು ಕೇಳದೆಯೇ ತಮ್ಮ ಕೆಲಸವನ್ನು ಮಾಡಿಕೊಂಡು ಹೋಗುವ ನರಗಳೂ ಇವೆ. ಹೃದಯದ ಬಡಿತವನ್ನು ಏರಿಸುವುದು, ಬೆವರನ್ನು ಬರಿಸುವುದು, ರಕ್ತನಾಳಗಳನ್ನು ಕಿರಿದು ಮಾಡುವುದು ಮೊದಲಾದ ಕಾರ್ಯಗಳು ಈ ಎರಡನೆಯ ವರ್ಗಕ್ಕೆ ಸೇರಿದವು. ಬೆರಳು ನೀರಿನಲ್ಲಿ ಮುಳುಗಿದಾಗ ನೀರು ಬೆವರಿನ ಸೂಕ್ಷ್ಮವಾದ ರಂಧ್ರಗಳ ಮೂಲಕ ಒಳಗೆ ಸೇರುತ್ತದೆ. ಅದರಿಂದ ಅಲ್ಲಿಯ ಲವಣದ ಪ್ರಮಾಣವು ಇಳಿಯುತ್ತದೆ. ಈ ವ್ಯತ್ಯಾಸವು ನರತಂತುಗಳನ್ನು ಎಚ್ಚರಿಸುತ್ತದೆ. ಅವು ಬೆರಳ ತುದಿಯ ರಕ್ತನಾಳಗಳಿಗೆ ಸಂಕೋಚಗೊಳ್ಳುವಂತೆ ಆಜ್ಞೆಯನ್ನು ಕೊಡುತ್ತವೆ. ನಾಳಗಳು ಕಿರಿದಾದಾಗ ತುದಿಗೆ ಬರುವ ರಕ್ತವು ಕಡಿಮೆಯಾಗಿ, ಒಳಗಿನ ಮಾಂಸಲ ಭಾಗವು ತುಸು ಕುಗ್ಗುತ್ತದೆ. ಹೊರಗಿನ ಚರ್ಮದ ವಿಸ್ತಾರವು ಮೊದಲಿನಷ್ಟೇ ಇದೆ, ಮತ್ತು ಅದು ತಂತುಗಳಿಂದ ಒಳಕ್ಕೆ ಬಿಗಿಯಲ್ಪಟ್ಟಿದೆಯಷ್ಟೆ. ತಂತುಗಳು ಎಳೆದಲ್ಲಿ ಅದು ತಗ್ಗಾಗಿ ಒಳಕ್ಕೆ ಸರಿಯುತ್ತದೆ, ಎಳೆಯದಲ್ಲಿ ದಿಣ್ಣೆಯಾಗಿ ಉಳಿಯುತ್ತದೆ. ಹಳೆಯ ವಿವರಣೆಯ ಪ್ರಕಾರ ಹೊದಿಕೆಯು ಹಿಗ್ಗಬೇಕಾಗಿತ್ತು; ನಡೆಯುತ್ತಿರುವುದು ಒಳಗಿನದು ಕುಗ್ಗುವುದು. ಸಿಂಗಾಪುರದಲ್ಲಿ ಕೆಲಸ ಮಾಡುತ್ತಿದ್ದ ಐನಾರ್ ವೈಲ್ಡರ್-ಸ್ಮಿತ್ ಮತ್ತು ಅವರ ಸಹೋದ್ಯೋಗಿಯು 2003ರಲ್ಲಿ ನೀರಿನಲ್ಲಿಟ್ಟ ಬೆರಳುಗಳ ರಕ್ತಸಂಚಾರವನ್ನು ಅಳೆದು, ನೆರಿಗೆ ಬೀಳುವುದಕ್ಕೆ ರಕ್ತನಾಳಗಳ ಸಂಕೋಚವೇ ಕಾರಣವೆಂದು ತೋರಿಸಿದರು.

ಇಲ್ಲಿ ಸೋಜಿಗದ ಮಾತೊಂದಿದೆ. ಬಿಸಿ ತಾಕಿದ ರಕ್ತನಾಳಗಳು ಹಿಗ್ಗುವುದು ಸಾಮಾನ್ಯ ಧರ್ಮ. ಬಿಸಿನೀರಿನ ಜಳಕದಲ್ಲಿ ಮೈ ಕೆಂಪಾಗುವುದು ಈ ಕಾರಣದಿಂದಲೇ. ಬೆರಳ ತುದಿಗಳು ಮಾತ್ರ ಆ ಬಿಸಿನೀರಿನಲ್ಲಿಯೇ ರಕ್ತವನ್ನು ಹಿಂದಕ್ಕೆ ಕಳುಹಿ ಬಿಳಿಚಿಕೊಳ್ಳುವುವು. ಅಷ್ಟೇ ಏಕೆ, ನೆರಿಗೆಗಳು ಬೆಚ್ಚಗಿನ ನೀರಿನಲ್ಲಿಯೇ ಬೇಗ ಬರುತ್ತವೆ: 40 ಡಿಗ್ರಿಯ ನೀರಿನಲ್ಲಿ ಮೂರೂವರೆ ನಿಮಿಷಗಳ ಸುಮಾರಿಗೆ ತೋರತೊಡಗಿದರೆ, 20 ಡಿಗ್ರಿಯ ತಣ್ಣೀರಿನಲ್ಲಿ ಹತ್ತು ನಿಮಿಷಗಳವರೆಗೂ ಹಿಡಿಯಬಹುದು. ನೀರಿಗೆ ಉಪ್ಪು ಬೆರೆಸಿದರೆ ಇನ್ನೂ ತಡವಾಗುತ್ತದೆ, ಏಕೆಂದರೆ ಹೊರಗಿನ ಲವಣಕ್ಕೂ ಒಳಗಿನ ಲವಣಕ್ಕೂ ಅಂತರವು ಆಗ ಕಡಿಮೆ. ಕಾರವಾರದ ಸಮುದ್ರದಲ್ಲಿ ಆಡಿದ ಮಗುವಿನ ಬೆರಳುಗಳು ಊರ ಬಾವಿಯಲ್ಲಿ ಆಡಿದ ಮಗುವಿನ ಬೆರಳುಗಳಿಗಿಂತ ತಡವಾಗಿ ನೆರಿಗೆಗಟ್ಟಬೇಕೆಂದು ಇದರಿಂದ ಊಹಿಸಬಹುದು.

ನರವು ಇಷ್ಟೊಂದು ವ್ಯವಸ್ಥೆಯಿಂದ ಮಾಡುವ ಕೆಲಸಕ್ಕೆ ಏನಾದರೂ ಪ್ರಯೋಜನವಿರಬೇಕೆಂಬ ಸಂದೇಹವು ಸಹಜವಾಗಿಯೇ ಹುಟ್ಟುತ್ತದೆ. 2011ರಲ್ಲಿ ಅಮೆರಿಕದ ಮಾರ್ಕ್ ಚಾಂಗೀಜಿ ಮತ್ತು ಅವರ ಸಂಗಡಿಗರು, ಮಳೆಯಲ್ಲಿ ಓಡುವ ಮೋಟಾರಿನ ಟೈರಿನ ಮೇಲೆ ಕೊರೆದ ಗೀರುಗಳು ನೀರನ್ನು ಹೊರಕ್ಕೆ ಹಾಯಿಸಿ ಹಿಡಿತವನ್ನು ಕಾಯುವ ಹಾಗೆ, ಬೆರಳಿನ ನೆರಿಗೆಗಳೂ ಒದ್ದೆ ವಸ್ತುವಿಗೂ ಚರ್ಮಕ್ಕೂ ನಡುವೆ ಸಿಕ್ಕಿದ ನೀರನ್ನು ಹೊರದೂಡುವ ಕಾಲುವೆಗಳೆಂದು ಸೂಚಿಸಿದರು. ಅವರು ಆಧಾರವಾಗಿ ತೋರಿಸಿದುದು ನೆರಿಗೆಗಳ ವಿನ್ಯಾಸವನ್ನು. ಅದನ್ನು ಅರಿಯಲು ಧಾರವಾಡದವರಿಗೆ ನಕಾಶೆಯೇ ಬೇಡ. ಧಾರವಾಡವು ನೀರಿಳಿಯುವ ದಿಣ್ಣೆಯ ಮೇಲೆ ಕುಳಿತ ಊರು. ಅದರ ಒಂದು ಪಕ್ಕದಲ್ಲಿ ಬಿದ್ದ ಮಳೆಯು ಶಾಲ್ಮಲೆಯಾಗಿ ಹರಿದು, ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಪಡುವಣ ಸಮುದ್ರವನ್ನು ಸೇರುತ್ತದೆ. ಇನ್ನೊಂದು ಪಕ್ಕದಲ್ಲಿ ಬಿದ್ದುದು ತುಪ್ಪರಿಹಳ್ಳ ಬೆಣ್ಣಿಹಳ್ಳಗಳ ದಾರಿ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಡೆಗೆ ಮೂಡಣ ಸಮುದ್ರಕ್ಕೆ ಹೋಗುತ್ತದೆ. ದಿಣ್ಣೆಯ ನೆತ್ತಿಯಿಂದ ಹೊರಟ ಹಳ್ಳಗಳು ಕೆಳಗಿಳಿದಂತೆಲ್ಲ ಒಂದನ್ನೊಂದು ಅಗಲುವುವು; ಕೊಳ್ಳದೊಳಗಿನ ಹಳ್ಳಗಳಾದರೋ ಒಂದನ್ನೊಂದು ಕೂಡುವುವು. ನೆನೆದ ಬೆರಳಿನ ತಗ್ಗುಗಳು ದಿಣ್ಣೆಯ ಹಳ್ಳಗಳ ಕ್ರಮದಲ್ಲಿ, ಬೆರಳ ನೆತ್ತಿಯಿಂದ ಅಂಚುಗಳ ಕಡೆಗೆ ಪರಸ್ಪರ ಅಗಲುತ್ತ ಇಳಿಯುವುವೆಂದು ಚಾಂಗೀಜಿಯವರು ತೋರಿಸಿದರು. ಉಬ್ಬಾದ ಪ್ರದೇಶದಿಂದ ನೀರನ್ನು ಹೊರಹಾಕಲು ಇದೇ ತಕ್ಕ ರಚನೆ.

ಸೂಚನೆಯು ಎಷ್ಟೇ ಚೆಲುವಾಗಿದ್ದರೂ ಅದನ್ನು ಒರೆಗಲ್ಲಿಗೆ ತಿಕ್ಕಿ ನೋಡಬೇಕು. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 20 ಜನರನ್ನು ಕೂಡಿಸಿ, ನೀರಿನಲ್ಲಿ ಮುಳುಗಿದ ಗೋಲಿಗಳನ್ನು ಒಂದು ಕೈಯಿಂದ ಎತ್ತಿ, ಕಿರಿದಾದ ಕಿಂಡಿಯಲ್ಲಿ ದಾಟಿಸಿ, ಇನ್ನೊಂದು ಕೈಯಿಂದ ಪಡೆದು ಬೇರೆ ಪೆಟ್ಟಿಗೆಯಲ್ಲಿ ಹಾಕುವ ಕೆಲಸವನ್ನು ಕೊಟ್ಟರು. ನೆರಿಗೆಗಟ್ಟಿದ ಬೆರಳುಗಳಿಂದ ಮಾಡಿದಾಗ ಕೆಲಸವು ಸುಮಾರು ನೂರಕ್ಕೆ 12ರಷ್ಟು ಬೇಗ ಮುಗಿಯಿತು. ಒಣಗಿದ ಗೋಲಿಗಳಾದರೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮಾರನೆಯ ವರ್ಷವೇ ಬರ್ಲಿನ್ನಿನ ಸಂಶೋಧಕರು ಅಂಥದೇ ಪ್ರಯೋಗವನ್ನು ಮಾಡಿ, ತಮಗೆ ಇಂಥ ಯಾವ ಲಾಭವೂ ಕಾಣಲಿಲ್ಲವೆಂದೂ, ನೆರಿಗೆಯಿಂದ ಸ್ಪರ್ಶಜ್ಞಾನಕ್ಕೆ ಹಾನಿಯೂ ಇಲ್ಲವೆಂದೂ ಬರೆದರು. 2021ರಲ್ಲಿ ಪ್ರಕಟವಾದ ಅಭ್ಯಾಸವೊಂದರಲ್ಲಿ ನಿಕ್ ಡೇವಿಸ್ ಎಂಬವರು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವನ್ನು ನೋಡಲು ಬಂದ ಐನೂರಕ್ಕೂ ಹೆಚ್ಚು ಜನರ ಹಿಡಿತದ ಬಲವನ್ನು ಅಳೆದರು. ಒದ್ದೆಯಾದರೂ ನೆರಿಗೆಗಟ್ಟದ ಬೆರಳುಗಳು ವಸ್ತುವು ಜಾರದಂತೆ ಹೆಚ್ಚು ಬಿಗಿಯಾಗಿ ಹಿಡಿಯಬೇಕಾಯಿತು. ನೆರಿಗೆಗಟ್ಟಿದ ಬೆರಳುಗಳಿಗೆ ಅಷ್ಟು ಬಲವು ಬೇಡವಾಯಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ತೂಗಿದರೆ, ನೆರಿಗೆಗಳು ಒದ್ದೆ ಹಿಡಿತಕ್ಕೆ ನೆರವಾಗುತ್ತವೆಂಬ ಪಕ್ಷದ ತಟ್ಟೆಯೇ ಸದ್ಯಕ್ಕೆ ಕೆಳಗಿಳಿದಿದೆಯೆಂದು ಹೇಳಬಹುದು. ನೆರಿಗೆಗಳು ಅಂಗಾಲಿನಲ್ಲಿಯೂ ಬೀಳುವುದನ್ನು ನೆನೆದರೆ, ಚಪ್ಪಲಿಯನ್ನು ಕಾಣದ ನಮ್ಮ ಪೂರ್ವಜರು ಹಸಿ ಬಂಡೆಯ ಮೇಲೆ ನಡೆಯುವಾಗಲೂ ಹೊಳೆಯ ದಡದಲ್ಲಿ ಆಹಾರವನ್ನು ಆಯುವಾಗಲೂ ಇದರಿಂದ ಉಪಕಾರವಾಗಿದ್ದೀತೆಂಬ ಊಹೆಗೆ ಎಡೆಯಿದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಎರೆಮಣ್ಣಿನ ಹಾದಿಯನ್ನು ಬರಿಗಾಲಿನಿಂದ ದಾಟಿದವರಿಗೆ ಜಾರದಂತೆ ನಿಲ್ಲುವುದರ ಬೆಲೆಯನ್ನು ಬೇರೆಯಾಗಿ ತಿಳಿಸಿಕೊಡಬೇಕಾಗಿಲ್ಲ.

ಇತ್ತೀಚಿನ ಮಾತೊಂದನ್ನು ನೀವು ವಿಶೇಷವಾಗಿ ಕೇಳಬೇಕು. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಗೈ ಜರ್ಮನ್ ಎಂಬ ಸಂಶೋಧಕರು ಬೆರಳುಗಳು ನೆರಿಗೆಗಟ್ಟುವ ಬಗೆಯನ್ನು ಮಕ್ಕಳಿಗಾಗಿ ಬರೆದಿದ್ದಾಗ, ಒಬ್ಬ ವಿದ್ಯಾರ್ಥಿಯು ಪ್ರತಿಸಲವೂ ನೆರಿಗೆಗಳು ಅದೇ ಆಕಾರದಲ್ಲಿ ಬೀಳುತ್ತವೆಯೇ ಎಂದು ಕೇಳಿದನು. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಅವರು ತಮ್ಮ ಶಿಷ್ಯೆಯೊಡನೆ ಮೂವರ ಬೆರಳುಗಳನ್ನು 40 ಡಿಗ್ರಿಯ ನೀರಿನಲ್ಲಿ 30 ನಿಮಿಷ ನೆನೆಯಿಸಿ ಛಾಯಾಚಿತ್ರ ತೆಗೆದು, ಒಂದು ದಿನವಾದರೂ ಕಳೆದ ಬಳಿಕ ಮತ್ತೆ ನೆನೆಯಿಸಿ ಮತ್ತೆ ಚಿತ್ರ ತೆಗೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ದಿಣ್ಣೆಗಳೂ ತಗ್ಗುಗಳೂ ಮೊದಲಿದ್ದ ಸ್ಥಳದಲ್ಲಿಯೇ ಇದ್ದವು. ಚರ್ಮದ ಕೆಳಗಿನ ರಕ್ತನಾಳಗಳು ತಮ್ಮ ಸ್ಥಾನವನ್ನು ಹೆಚ್ಚಾಗಿ ಬದಲಿಸದಿರುವುದರಿಂದ ಅವು ಕುಗ್ಗಿದಾಗ ಬೀಳುವ ನೆರಿಗೆಗಳೂ ಬದಲಾಗುವುದಿಲ್ಲವೆಂದು ಅವರು 2025ರಲ್ಲಿ ಪ್ರಕಟಿಸಿದರು. ಒಬ್ಬ ತಾಯಿಯ ನೋಟದಿಂದ ವೈದ್ಯರಿಗೆ ಒಂದು ಪರೀಕ್ಷೆಯು ದೊರೆತ ಹಾಗೆಯೇ ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ ವಿಜ್ಞಾನಕ್ಕೆ ಒಂದು ಹೊಸ ಸಂಗತಿಯು ದೊರೆಯಿತು.

ಮಕ್ಕಳೇ, ಈ ಪ್ರಯೋಗಗಳಲ್ಲಿ ಬಹುಪಾಲಿಗೆ ದುಬಾರಿಯಾದ ಉಪಕರಣಗಳು ಬೇಕಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಮಲಪ್ರಭೆಯ ನೀರು ನಳಕ್ಕೆ ಬರುವುದನ್ನು ದಿನಗಟ್ಟಲೆ ಕಾಯಬೇಕಾದ ಓಣಿಗಳಲ್ಲಿಯೂ ಇದಕ್ಕೆ ಎರಡು ಬೋಗುಣಿಗಳಷ್ಟು ನೀರು ಸಾಕು. ಮುಗಿದ ಮೇಲೆ ಸಾದಾ ನೀರನ್ನು ತುಳಸಿಯ ಗಿಡಕ್ಕೆ ಹಾಕಿದರೆ ಹಾಳೂ ಆಗುವುದಿಲ್ಲ. ನೀರನ್ನು ಹದವಾಗಿ ಬೆಚ್ಚಗೆ ಮಾಡಿಕೊಡಲು ಮನೆಯ ಹಿರಿಯರಿಗೆ ಹೇಳಿರಿ, ನೀವಾಗಿ ಕುದಿನೀರಿನ ಬಳಿಗೆ ಹೋಗಬೇಡಿರಿ. ಒಂದು ಬೋಗುಣಿಯಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಮೂರು ನಾಲ್ಕು ಚಮಚ ಉಪ್ಪು ಕರಗಿಸಿದ ಅಷ್ಟೇ ಬೆಚ್ಚಗಿನ ನೀರು. ಒಂದೊಂದರಲ್ಲಿ ಒಂದೊಂದು ಕೈ. ಎದುರಿಗೆ ಗಡಿಯಾರವಿರಲಿ. ಮೊದಲನೆಯ ನೆರಿಗೆ ಯಾವ ಕೈಯಲ್ಲಿ, ಯಾವ ಬೆರಳಿನಲ್ಲಿ, ಎಷ್ಟು ನಿಮಿಷಕ್ಕೆ ಕಾಣಿಸಿತೆಂಬುದನ್ನು ಗೆಳೆಯನೊಬ್ಬನು ಬರೆದುಕೊಳ್ಳಲಿ. ಕೈಯ ಚಿತ್ರವನ್ನು ತೆಗೆದಿಟ್ಟು, ಮಾರನೆಯ ದಿನ ಮತ್ತೆ ನೆನೆಯಿಸಿ ಹೋಲಿಸಿರಿ. ಉಳಿದ ಬೆರಳುಗಳೆಲ್ಲ ನೆರಿಗೆಗಟ್ಟಿದರೂ ಒಂದು ಬೆರಳು ಮಾತ್ರ ಪ್ರತಿಸಲವೂ ನುಣುಪಾಗಿಯೇ ಉಳಿದರೆ ಹೆದರದೆ ಅದನ್ನು ವೈದ್ಯರಿಗೆ ತೋರಿಸಿರಿ.

ಶಿಕ್ಷಕರಲ್ಲಿಯೂ ಒಂದು ವಿನಂತಿಯುಂಟು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ನಡೆದಂಥ ಪರೀಕ್ಷೆಯನ್ನು, ಬಲವನ್ನು ಅಳೆಯುವ ಯಂತ್ರವಿಲ್ಲದಿದ್ದರೆ ನ್ಯೂಕ್ಯಾಸಲ್ಲಿನ ಗೋಲಿಗಳ ಆಟವನ್ನಾದರೂ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ದ ದಿನವೋ, ತಮ್ಮ ಶಾಲೆಯ ವಿಜ್ಞಾನದ ತಾಸಿನಲ್ಲಿಯೋ ನಡೆಸಬಹುದು. ಒಂದು ವರ್ಗದ ನಲವತ್ತು ಮಕ್ಕಳು ಅದನ್ನು ಮಾಡಿದರೆ ನ್ಯೂಕ್ಯಾಸಲ್ಲಿನವರು ಪರೀಕ್ಷಿಸಿದ ಜನರ ಎರಡರಷ್ಟಾಯಿತು. ನ್ಯೂಕ್ಯಾಸಲ್ ಮತ್ತು ಬರ್ಲಿನ್ನಿನವರ ನಡುವಿನ ವಾದವು ಇನ್ನೂ ಪೂರ್ಣವಾಗಿ ತೀರಿಲ್ಲ; ಹುಬ್ಬಳ್ಳಿ-ಧಾರವಾಡದ ಮಕ್ಕಳೂ ಅದರಲ್ಲಿ ತಮ್ಮ ಲೆಕ್ಕವನ್ನು ಬರೆದಿಡಲಿ.